ಬಿಳಿಮೀನು ಕೊಟ್ಟ ಕೆಲಸ

ಹೊಳೆಗೂ ಗೈಡ್ ಬೇಕಾ ಎಂದು ಜನ ಕೇಳುತ್ತಾರೆ. ಬೇಲೂರಿಗೆ ಬೇಕು, ಹಂಪಿಗೆ ಬೇಕು, ಬಂಡೀಪುರದ ಸಫಾರಿಗೆ ಬೇಕು. ಹೊಳೆ ಕಣ್ಣೆದುರೇ ಹರಿಯುತ್ತಿರುತ್ತದಲ್ಲ, ಅದರಲ್ಲಿ ತೋರಿಸುವುದಕ್ಕೆ ಏನಿದೆ? ದಡದ ಮೇಲೆ ನಿಂತು ಫೋಟೋ ತೆಗೆದುಕೊಂಡು ಹೋಗುವವರಿಗೆ ಈ ಪ್ರಶ್ನೆ ಬರುವುದು ಸಹಜ. ಆದರೆ ಶಿವನಸಮುದ್ರದ ಕೆಳಗೆ ಕಾವೇರಿಯ ಎರಡೂ ದಂಡೆಯಲ್ಲಿ ಎಷ್ಟೋ ಮನೆಗಳು ಈ ಕೆಲಸದಿಂದಲೇ ಮಕ್ಕಳನ್ನು ಓದಿಸಿವೆ. ದೂರದ ಊರಿನಿಂದ ರಾಡು, ರೀಲು ಹೊತ್ತು ಬರುವವರಿಗೆ ಮೀನು ಎಲ್ಲಿದೆ ಎಂದು ತೋರಿಸುವ ಕೆಲಸ. ನಾನೂ ಅದರಲ್ಲಿ ಒಬ್ಬ.

ಹಲಗೂರಿನಿಂದ ಕಾಡಿನ ದಾರಿ ಹಿಡಿದು ಇಳಿದರೆ ಮುತ್ತತ್ತಿ. ಅಲ್ಲೇ ಆಚೀಚೆ ಭೀಮೇಶ್ವರಿ, ದೊಡ್ಡಮಕಳಿ. ಇನ್ನೂ ಕೆಳಗೆ ಗಾಳಿಬೋರೆ, ಅರ್ಕಾವತಿ ಸೇರುವ ಸಂಗಮ, ಮೇಕೆದಾಟು. ಸೀತಮ್ಮನ ಉಂಗುರ ಹೊಳೆಯಲ್ಲಿ ಬಿದ್ದಾಗ ಹನುಮಂತ ಬಾಲದಿಂದ ನೀರು ಕಡೆದು ಹುಡುಕಿಕೊಟ್ಟ ಜಾಗ ಮುತ್ತತ್ತಿ ಎಂದು ನಮ್ಮ ಕಡೆ ಹೇಳುತ್ತಾರೆ. ಅಲ್ಲಿನ ಸುಳಿಗಳನ್ನು ನೋಡಿದವರಿಗೆ ಆ ಕತೆ ಯಾಕೆ ಹುಟ್ಟಿತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮೇಲೆ ನೀರು ಸುಮ್ನೆ ಹರಿಯುವಂತೆ ಕಾಣುತ್ತದೆ. ಕೆಳಗೆ ಬಂಡೆಗಳ ನಡುವೆ ಕಾಲು ಎಳೆಯುವ ಸೆಳೆತ ಇರುತ್ತದೆ. ಈಜು ಬರುವವರೂ ಅಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ.

ನಾನು ಬೆಳೆದದ್ದು ಈ ನೀರಿನ ಪಕ್ಕ. ಅಪ್ಪನಿಗೆ ಮಳೆ ನಂಬಿದ ಸ್ವಲ್ಪ ಹೊಲ ಇತ್ತು. ರಾಗಿ, ಹುರುಳಿ ಬೆಳೆಯುತ್ತಿದ್ದರು. ಆನೆ ಬಿಟ್ಟಿದ್ದು ನಮಗೆ. ಮುದ್ದೆಗೆ ಏನೂ ಇಲ್ಲದ ದಿನ ಅವ್ವ ನನ್ನ ಕಡೆ ನೋಡುತ್ತಿದ್ದಳು, ನಾನು ಬಿದಿರು ಕಡ್ಡಿ ಎತ್ತಿಕೊಂಡು ಹೊಳೆಗೆ ಓಡುತ್ತಿದ್ದೆ. ಗಾಳದ ಕೊಕ್ಕೆಯನ್ನು ಸಂತೆಯಲ್ಲಿ ಬಿಡಿಯಾಗಿ ಮಾರುತ್ತಿದ್ದರು. ನೈಲಾನ್ ದಾರ, ತೇಲುವುದಕ್ಕೆ ನವಿಲುಗರಿಯ ದಂಟು, ತುದಿಗೆ ಎರೆಹುಳು. ಸಣ್ಣ ಗೆಂಡೆ ಮೀನು ಬೇಗ ಸಿಗುತ್ತಿತ್ತು. ಕಲ್ಲುಸಂದಿಯಲ್ಲಿ ಕೊರವ, ಕತ್ತಲಾದ ಮೇಲೆ ಬಾಳೆಮೀನು, ಕೆಲವೊಮ್ಮೆ ಹಾವುಮೀನು. ಹುಣಸೆಹುಳಿ ಜಾಸ್ತಿ ಹಾಕಿ ಅವ್ವ ಮಾಡುತ್ತಿದ್ದ ಸಾರಿನ ವಾಸನೆ ಬೀದಿಗೆಲ್ಲ ಗೊತ್ತಾಗುತ್ತಿತ್ತು.

ಕಲಿಸಿದ್ದು ನಮ್ಮ ಸೋದರಮಾವ. ಮಾವ ಗಾಳ ಹಾಕುವುದನ್ನು ಕಲಿಸುವ ಮೊದಲು ಕೂರುವುದನ್ನು ಕಲಿಸಿದರು. "ನೀರು ನೋಡ್ಲಾ. ಮೀನು ಆಮ್ಯಾಕೆ" ಎನ್ನುತ್ತಿದ್ದರು. ಎಷ್ಟು ಹೊತ್ತು ನೋಡಬೇಕು, ಏನು ನೋಡಬೇಕು ಎಂದು ಹೇಳುತ್ತಿರಲಿಲ್ಲ. ದಿನ ಕಳೆದಂತೆ ನನಗೇ ಕಾಣತೊಡಗಿತು. ನೊರೆ ಒಂದೇ ಗೆರೆಯಲ್ಲಿ ಸಾಗುತ್ತಿದ್ದರೆ ಅದರ ಕೆಳಗೆ ಸೆಳೆತ ಇದೆ. ಆ ಸೆಳೆತದ ಅಂಚಿನಲ್ಲಿ ನೀರು ನಿಧಾನವಾಗುವ ಕಡೆ ಮೀನು ಕಾಯುತ್ತದೆ. ಮೇಲಿನಿಂದ ತೇಲಿ ಬರುವುದು ತಾನಾಗಿ ಬಾಯಿಗೆ ಬರಲಿ ಎಂದು. ದೊಡ್ಡ ಬಂಡೆಯ ಮುಂದೆಯೂ ಒಂದು ಮೆತ್ತನೆಯ ನೀರಿನ ಪದರ ಇರುತ್ತದೆ, ಹಿಂದೆ ಮಾತ್ರ ಅಲ್ಲ. ಅತ್ತಿಮರ ಹೊಳೆಗೆ ಬಾಗಿ ಹಣ್ಣು ಉದುರಿಸುವ ಕಾಲದಲ್ಲಿ ಅದರ ಕೆಳಗೆ ಬೇರೆಯೇ ಲೋಕ. ಹಣ್ಣು ನೀರಿಗೆ ಬಿದ್ದ ಸದ್ದಿಗೆ ಮೀನು ಮೇಲೆ ಬರುತ್ತದೆ. ಮಾವ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆಮೇಲೆ ನಾನು ಮೀನಿನ ಬಗ್ಗೆ ಓದಿದ ಎಷ್ಟೋ ಸಂಗತಿಗಳನ್ನು ಅವರಿಂದ ಮೊದಲೇ ಕೇಳಿದ್ದೆ.

ಬಿಳಿಮೀನನ್ನು ನಾನು ಮೊದಲು ಹತ್ತಿರದಿಂದ ಕಂಡಿದ್ದು ಬೇರೆಯವರ ಕೈಯಲ್ಲಿ. ಪೇಟೆಯವರು, ಪರದೇಶದವರು ಜೀಪಿನಲ್ಲಿ ಬರುತ್ತಿದ್ದರು. ನಮ್ಮ ಬಿಳಿಮೀನಿಗೆ ಮಹಶೀರ್ ಎಂಬ ಹೆಸರಿದೆ ಎಂದು ಅವರ ಬಾಯಲ್ಲೇ ಕೇಳಿದ್ದು. ಕಾವೇರಿಯ ಈ ಮೀನಿನ ಹೆಸರು ಬಹಳ ಹಿಂದೆಯೇ ಸಮುದ್ರ ದಾಟಿತ್ತು. ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು. ಎಂದರೆ ಸುಮಾರು 54 ಕಿಲೋ. ಗಾಳಕ್ಕೆ ಸಿಕ್ಕಿದ ಮಹಶೀರ್‌ಗಳಲ್ಲಿ ಅದೇ ದಾಖಲೆ ಎಂದು ಇವತ್ತಿಗೂ ಹೇಳುತ್ತಾರೆ. ಆಮೇಲೆ ಈ ಹೊಳೆಯಲ್ಲಿ ಇನ್ನು ಅಂಥ ಮೀನು ಇಲ್ಲ ಎಂದೇ ಹೊರಗಿನವರು ತಿಳಿದಿದ್ದರು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಮೂವರು ಬಂದು ಗಾಳ ಹಾಕಿ, ದೊಡ್ಡ ಮೀನುಗಳು ಇನ್ನೂ ಇವೆ ಎಂದು ತೋರಿಸಿದರು. ಅಲ್ಲಿಂದ ಗಾಳ ಹಾಕಲು ಬರುವವರಿಗಾಗಿ ಕ್ಯಾಂಪುಗಳು ಶುರುವಾದವು.

ನಾನು ಕಂಡ ಆ ಮೀನು ನನ್ನಷ್ಟೇ ಉದ್ದ ಇತ್ತು. ಬೆನ್ನು ಡುಬ್ಬದಂತೆ ಎತ್ತರ. ಒಂದೊಂದು ಪೊರೆಯೂ ನನ್ನ ಅಂಗೈಯಷ್ಟು. ಬಾಲದಲ್ಲಿ ಕೇಸರಿ ಬಣ್ಣ. ಇಬ್ಬರು ಅದನ್ನು ಹಿಡಿದು ನೀರಿನಲ್ಲೇ ಕೂತು ಫೋಟೋ ತೆಗೆಸಿಕೊಂಡರು. ಆಮೇಲೆ ಬಿಟ್ಟುಬಿಟ್ಟರು. ನನ್ನ ಪಕ್ಕ ನಿಂತಿದ್ದ ಮಾವ ಏನೂ ಮಾತಾಡಲಿಲ್ಲ. ಊರಿಗೆಲ್ಲ ಹಂಚಬಹುದಾದ ಮೀನು ಅದು. ದುಡ್ಡು ಕೊಟ್ಟು ಬಂದು, ದಿನಗಟ್ಟಲೆ ಬಿಸಿಲಲ್ಲಿ ಕಾದು, ಸಿಕ್ಕ ಮೇಲೆ ಬಿಡುವುದು ನಮಗೆ ಅರ್ಥ ಆಗದ ಸಂಗತಿ. ಆದರೆ ಮೀನು ಬಾಲ ಬೀಸಿ ಆಳಕ್ಕೆ ಇಳಿದಾಗ ಆ ಮನುಷ್ಯನ ಮುಖ ನೋಡಿದ್ದೆ. ಅವನು ಅಳುತ್ತಿದ್ದ. ಅದು ನನ್ನೊಳಗೆ ಕೂತುಬಿಟ್ಟಿತು.

ಹತ್ತನೇ ಕ್ಲಾಸು ಮುಗಿದ ಮೇಲೆ ಒಂದು ಕ್ಯಾಂಪಿನಲ್ಲಿ ಕೆಲಸಕ್ಕೆ ಸೇರಿದೆ. ಅಪ್ಪನಿಗೆ ಇಷ್ಟ ಇರಲಿಲ್ಲ. ಮೀನು ಹಿಡಿಯುವುದು ಹಸಿವಿಗೆ ಮಾಡುವ ಕೆಲಸ, ಅದನ್ನೇ ನೌಕರಿ ಅಂದರೆ ಹೆಣ್ಣು ಕೊಡುವವರು ಯಾರು ಎನ್ನುತ್ತಿದ್ದರು. ಮೊದಲು ನನ್ನ ಕೈಗೆ ಬಂದದ್ದು ರಾಡು ಅಲ್ಲ, ರಾಗಿ ಹಿಟ್ಟು.

ಬಿಳಿಮೀನಿಗೆ ರಾಗಿ ಎಂದರೆ ಪ್ರಾಣ. ಹಿಟ್ಟನ್ನು ಗಟ್ಟಿಯಾಗಿ ನಾದಿ, ಉಂಡೆ ಕಟ್ಟಿ, ಕುದಿಯುವ ನೀರಿಗೆ ಹಾಕಬೇಕು. ಕೆಲವರು ಸೋಂಪು ಹಾಕುತ್ತಿದ್ದರು, ಕೆಲವರು ಮಸಾಲೆ. ಒಬ್ಬೊಬ್ಬ ಗೈಡ್‌ಗೆ ಒಂದೊಂದು ಪಾಕ, ಅದನ್ನು ಇನ್ನೊಬ್ಬರಿಗೆ ಹೇಳುತ್ತಿರಲಿಲ್ಲ. ಬೆಂದ ಮೇಲೆ ಮತ್ತೆ ನಾದಬೇಕು. ಇಲ್ಲೇ ಕೈಯ ಲೆಕ್ಕ ಇರುವುದು. ಮೆತ್ತಗಾದರೆ ಸಣ್ಣ ಮೀನುಗಳು ಕುಕ್ಕಿ ಕುಕ್ಕಿ ಕೊಕ್ಕೆ ಬರಿದು ಮಾಡುತ್ತವೆ, ಸೆಳೆತಕ್ಕೆ ಕರಗಿಹೋಗುತ್ತದೆ. ತುಂಬಾ ಗಟ್ಟಿಯಾದರೆ ಮೀನು ಕಚ್ಚಿದಾಗ ಕೊಕ್ಕೆ ಹೊರಗೆ ಬರುವುದಿಲ್ಲ. ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಿ, ಕೊಕ್ಕೆಯ ತುದಿ ಮಾತ್ರ ಕಾಣುವಂತೆ ಬಿಡಬೇಕು. ಮಹಶೀರ್‌ನ ದವಡೆಯಲ್ಲಿ ಹಲ್ಲಿಲ್ಲ. ಅದರ ಹಲ್ಲು ಇರುವುದು ಗಂಟಲಲ್ಲಿ. ಏಡಿ, ಶಂಖದ ಹುಳು ಎಲ್ಲವನ್ನೂ ಅಲ್ಲೇ ಪುಡಿ ಮಾಡುತ್ತದೆ. ಗಂಟಲಿಗೆ ಹೋದ ಕೊಕ್ಕೆ ಚಪ್ಪಟೆಯಾಗಿ ಹೊರಬಂದದ್ದನ್ನು ನಾನೇ ನೋಡಿದ್ದೇನೆ.

ಆಮೇಲೆ ತೆಪ್ಪ. ಬಿದಿರಿನ ಹೆಣಿಗೆಯ ದುಂಡು ತೆಪ್ಪವನ್ನು ಒಂದೇ ಹುಟ್ಟಿನಲ್ಲಿ ನೇರ ನಡೆಸುವುದು ಸುಲಭ ಅಲ್ಲ. ಅದಕ್ಕೆ ಮುಂದೆ ಹಿಂದೆ ಎಂಬುದೇ ಇಲ್ಲ. ನೀರು ಬಿಳಿಯಾಗಿ ಹಾರುವ ಕಡೆ ಎಲ್ಲಿ ಇಳಿಯಬೇಕು, ಯಾವ ಬಂಡೆಗೆ ಎಷ್ಟು ಹತ್ತಿರ ಹೋಗಬಹುದು ಎಂಬುದನ್ನು ದೊಡ್ಡವರ ಜೊತೆ ಹೋಗಿಯೇ ಕಲಿಯಬೇಕು. ಮೇಲೆ ಕೃಷ್ಣರಾಜಸಾಗರದಲ್ಲಿ ನೀರು ಬಿಟ್ಟರೂ, ಶಿವನಸಮುದ್ರದಲ್ಲಿ ವಿದ್ಯುತ್‌ಗೆ ನೀರು ತಿರುಗಿಸಿದರೂ ನಮ್ಮಲ್ಲಿ ಮಟ್ಟ ಬದಲಾಗುತ್ತದೆ. ಬೆಳಿಗ್ಗೆ ಎದ್ದ ತಕ್ಷಣ ದಡದಲ್ಲಿ ಒಂದು ಕಡ್ಡಿ ನೆಟ್ಟು ಗುರುತು ಮಾಡುವುದು ಎಲ್ಲ ಗೈಡ್‌ಗಳ ಮೊದಲ ಕೆಲಸ. ನೀರು ಏರುತ್ತಿದೆಯಾ, ಇಳಿಯುತ್ತಿದೆಯಾ, ಬಣ್ಣ ಕದಡಿದೆಯಾ. ಇದರ ಮೇಲೆ ಆ ದಿನ ಎಲ್ಲಿ ಕೂರಬೇಕು ಎಂಬುದು ನಿರ್ಧಾರ.

ನನಗೆ ಕಲಿಸಿದ ಹಿರಿಯರಲ್ಲಿ ಕೆಲವರು ಹಿಂದೆ ಹೊಳೆಗೆ ಸಿಡಿಮದ್ದು ಎಸೆಯುತ್ತಿದ್ದವರು. ಇದನ್ನು ಮುಚ್ಚಿಡುವ ಅಗತ್ಯ ಇಲ್ಲ, ಅವರೂ ಮುಚ್ಚಿಡುತ್ತಿರಲಿಲ್ಲ. ಬೇಸಿಗೆಯಲ್ಲಿ ನೀರು ಇಳಿದು ಮೀನೆಲ್ಲ ಮಡುವಿಗೆ ಸೇರಿದಾಗ ಒಂದು ತೋಟೆ ಸಾಕು. ಮರಿ, ದೊಡ್ಡದು, ಬಸುರಿ ಎಂಬ ಭೇದ ಇಲ್ಲ. ತೇಲಿದ್ದರಲ್ಲಿ ಅರ್ಧ ಸಿಗುತ್ತದೆ, ಉಳಿದದ್ದು ತಳದಲ್ಲೇ ಕೊಳೆಯುತ್ತದೆ. ಅಂಥವರಿಗೆ ತಿಂಗಳ ಸಂಬಳ ಕೊಟ್ಟು ಗೈಡ್ ಮಾಡಿದ್ದು, ನನ್ನ ಪ್ರಕಾರ, ಈ ಹೊಳೆಗೆ ಯಾರಾದರೂ ಮಾಡಿದ ಅತಿ ದೊಡ್ಡ ಉಪಕಾರ. ಯಾವ ಮಡುವಿನಲ್ಲಿ ಮೀನು ಇದೆ ಎಂದು ಅವರಿಗೆ ಗೊತ್ತಿತ್ತು. ಯಾರು ಯಾವ ದಾರಿಯಲ್ಲಿ ತೋಟೆ ತರುತ್ತಾರೆ ಎಂದೂ ಗೊತ್ತಿತ್ತು. ಬದುಕಿರುವ ಮೀನಿನಿಂದ ಪ್ರತಿ ವರ್ಷ ಅನ್ನ ಹುಟ್ಟುತ್ತದೆ ಎಂದು ಗೊತ್ತಾದ ಮೇಲೆ ಅವರಷ್ಟು ಗಟ್ಟಿ ಕಾವಲುಗಾರರು ಬೇರೆ ಯಾರೂ ಇರಲಿಲ್ಲ. ರಾತ್ರಿ ದೂರದಲ್ಲಿ ಒಂದು ಸದ್ದಾದರೆ ಎದ್ದು ಓಡುತ್ತಿದ್ದರು.

ಗೈಡ್ ಆದ ಮೇಲೆ ರಾಡು ಹಿಡಿಯುವವನು ನಾನಲ್ಲ. ಇದು ಮೊದಲ ವರ್ಷ ನನಗೆ ಕಷ್ಟ ಆಯಿತು. ಮೀನು ಎಲ್ಲಿದೆ ಎಂದು ನನಗೆ ಗೊತ್ತು, ಎಸೆಯುವವರು ಬೇರೆ. ಅತಿಥಿ ಬೇರೆ ಕಡೆಗೆ ಎಸೆದರೆ ಮೈ ಉರಿಯುತ್ತಿತ್ತು. ನಿಧಾನಕ್ಕೆ ಬೇರೆ ಸಂತೋಷ ಬಂತು. ಅದನ್ನು ಹೇಗೆ ಹೇಳಲಿ. ಬಂಡೆಯ ಮೇಲೆ ಅತಿಥಿಯ ಪಕ್ಕ ಕೂತಿರುತ್ತೇನೆ. ದಾರ ಅವರ ಬೆರಳಿನ ಮೇಲಿರುತ್ತದೆ. ಸಣ್ಣ ಮೀನು ಕುಕ್ಕುವುದು, ದಾರಕ್ಕೆ ಕಸ ಸಿಕ್ಕುವುದು, ಆಮೆ ಎಳೆಯುವುದು, ಎಲ್ಲ ಬೇರೆ ಬೇರೆ ರೀತಿ ನಡುಗುತ್ತದೆ. "ಬೇಡ ಸಾರ್, ಇನ್ನೂ ಬೇಡ" ಎನ್ನುತ್ತೇನೆ. ದೊಡ್ಡದು ಬಂದಾಗ ಹೇಳುವುದಕ್ಕೆ ಸಮಯವೇ ಇರುವುದಿಲ್ಲ. ರಾಡು ಬಾಗಿ ರೀಲು ಕಿರುಚುತ್ತದೆ. ಬಿಳಿಮೀನಿನ ಮೊದಲ ಓಟ ಸೆಳೆತದ ಜೊತೆಗೇ ಕೆಳಕ್ಕೆ. ಅದನ್ನು ಯಾರೂ ತಡೆಯಲಾರರು. ಆಗ ಅತಿಥಿಯನ್ನು ತೆಪ್ಪಕ್ಕೆ ಹತ್ತಿಸಿ ಹಿಂದೆ ಹೋಗಬೇಕು. ದಾರ ಬಂಡೆಯ ಅಂಚಿಗೆ ತಾಗದಂತೆ ನೋಡಬೇಕು. ಮೀನು ಕಲ್ಲಿನ ಕೆಳಗೆ ಹೊಕ್ಕು ಕೂತರೆ ದಾರ ಸಡಿಲ ಬಿಟ್ಟು ಕಾಯಬೇಕು. ಇದೆಲ್ಲ ನಡೆಯುವಾಗ ಪಕ್ಕದಲ್ಲಿ ಆನೆ ನೀರು ಕುಡಿಯಲು ಇಳಿದಿರಬಹುದು, ಮರಳಿನ ಮೇಲೆ ಮೊಸಳೆ ಮಲಗಿರಬಹುದು. ಅದೂ ನನ್ನ ಕಣ್ಣಲ್ಲಿರಬೇಕು.

ಮೀನು ದಡಕ್ಕೆ ಬಂದ ಮೇಲೆ ಕೆಲಸ ಪೂರ್ತಿ ನನ್ನದು. ನೀರಿನಿಂದ ಮೇಲೆ ಎತ್ತಬಾರದು. ಒಣಗಿದ ಕೈಯಲ್ಲಿ ಮುಟ್ಟಬಾರದು, ಮೈಮೇಲಿನ ಲೋಳೆ ಹೋದರೆ ರೋಗ ಹತ್ತುತ್ತದೆ. ಕೊಕ್ಕೆ ಬಿಡಿಸಿ, ತೂಕ ನೋಡಿ, ಬೇಗ ಫೋಟೋ ಮುಗಿಸಿ, ತಲೆ ಹರಿವಿನ ಕಡೆಗೆ ಮಾಡಿ ಎರಡೂ ಕೈಯಲ್ಲಿ ಹೊಟ್ಟೆಯ ಕೆಳಗೆ ಆನಿಸಿ ಹಿಡಿಯಬೇಕು. ಕಿವಿರಿನ ಒಳಗೆ ನೀರು ಹೋಗಬೇಕು. ಅವಸರ ಮಾಡಿ ಬಿಟ್ಟರೆ ಮಗುಚಿ ಬೀಳುತ್ತದೆ. ಎಷ್ಟೋ ಸಲ ಎದೆಮಟ್ಟದ ನೀರಿನಲ್ಲಿ ಕಾಲು ಮರಗಟ್ಟುವವರೆಗೆ ನಿಂತಿದ್ದೇನೆ. ಕೊನೆಗೆ ಬಾಲ ಒಮ್ಮೆ ಬಲವಾಗಿ ಬಡಿಯುತ್ತದೆ, ಮೀನು ಕೈಯಿಂದ ತಾನೇ ಹೋಗುತ್ತದೆ. ಹಿಡಿದವರು ಯಾರೇ ಇರಲಿ, ಆ ಗಳಿಗೆ ಗೈಡ್‌ನದು.

ಇಷ್ಟಾದ ಮೇಲೆ ಪುಸ್ತಕದಲ್ಲಿ ಬರೆಯಬೇಕಿತ್ತು. ಯಾವ ದಿನ, ಎಷ್ಟು ಹೊತ್ತು ಗಾಳ ಹಾಕಿದ್ದು, ಯಾವ ಮೀನು, ಎಷ್ಟು ತೂಕ. ನಮಗೆ ಆಗ ಅದು ಸುಮ್ನೆ ಲೆಕ್ಕ. ಆದರೆ ನಮ್ಮ ಕಣ್ಣಿಗೂ ಒಂದು ಬದಲಾವಣೆ ಕಾಣುತ್ತಿತ್ತು. ಕೇಸರಿ ಬಾಲದ ಬಿಳಿಮೀನು ಬರುಬರುತ್ತಾ ಕಡಿಮೆಯಾಯಿತು. ಅದರ ಜಾಗದಲ್ಲಿ ನೀಲಿ ರೆಕ್ಕೆಯ ಇನ್ನೊಂದು ಜಾತಿಯ ಮಹಶೀರ್ ಜಾಸ್ತಿಯಾಯಿತು. ಸಣ್ಣ ಬಿಳಿಮೀನು ಸಿಗುವುದು ಬಹುತೇಕ ನಿಂತೇಹೋಯಿತು. ಸಿಕ್ಕರೆ ಒಂದೊಂದು ಮುದಿ ಮೀನು. ಮರಿ ಇಲ್ಲದ ಕಡೆ ಮುಂದೆ ಏನಾಗುತ್ತದೆ ಎಂದು ಕುರಿ ಸಾಕುವವರಿಗೂ ಗೊತ್ತು.

ನೀಲಿ ರೆಕ್ಕೆಯದು ತಾನಾಗಿ ಬಂದದ್ದಲ್ಲ. ಲೋನಾವಳಾದಲ್ಲಿ ಟಾಟಾ ಪವರ್‌ನವರು 1970ರ ದಶಕದಿಂದ ಮಹಶೀರ್ ಮರಿ ಮಾಡಿ ದೇಶದ ಹಲವು ಕಡೆಗೆ ಕಳಿಸಿದರು. ಒಳ್ಳೆಯ ಉದ್ದೇಶದ ಕೆಲಸವೇ. ಮಹಶೀರ್ ಕಡಿಮೆಯಾಗುತ್ತಿದೆ, ಮರಿ ಬಿಡೋಣ ಎಂದು. ಕಾವೇರಿಗೂ ಬಿಟ್ಟರು. ಆದರೆ ಕಾವೇರಿಗೆ ತನ್ನದೇ ಮಹಶೀರ್ ಇತ್ತು, ಅದು ಬೇರೆ ಜಾತಿ ಎಂಬುದು ಆಗ ಯಾರ ಲೆಕ್ಕದಲ್ಲೂ ಇರಲಿಲ್ಲ. ಬಿಳಿಮೀನಿಗೆ ಸರಿಯಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಜಗತ್ತಿನ ಗಾಳಗಾರರೆಲ್ಲ ಗುರುತಿಸುವ ಮೀನು, ಶಾಸ್ತ್ರದ ಪುಸ್ತಕದಲ್ಲಿ ಅನಾಮಧೇಯ.

ಗಾಳಿಬೋರೆ ಕ್ಯಾಂಪಿನ 1998ರಿಂದ 2012ರವರೆಗಿನ ಪುಸ್ತಕಗಳನ್ನು ವಿಜ್ಞಾನಿಗಳು ಕೂತು ಲೆಕ್ಕ ಹಾಕಿದರು. ಆರು ಸಾವಿರಕ್ಕೂ ಹೆಚ್ಚು ಮೀನುಗಳ ವಿವರ. 2015ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ನಾವು ಹೊಳೆಯಲ್ಲಿ ಕಂಡದ್ದೇ ಇತ್ತು. ನೀಲಿ ರೆಕ್ಕೆಯದು ಏರಿದೆ, ಬಿಳಿಮೀನು ಕುಸಿದಿದೆ. 2018ರಲ್ಲಿ ಹೆಸರಿನ ಪ್ರಶ್ನೆಯೂ ಬಗೆಹರಿಯಿತು. ಕೇರಳದ ಪಾಂಬಾರ್ ಹೊಳೆಯಿಂದ 2007ರಲ್ಲಿ ವಿವರಿಸಿದ್ದ ಟಾರ್ ರೆಮಾದೇವಿಯೈ ಎಂಬ ಮೀನೂ ನಮ್ಮ ಬಿಳಿಮೀನೂ ಒಂದೇ ಎಂದು ಗೊತ್ತಾಯಿತು. ಪಾಂಬಾರ್ ಕೂಡ ಕೊನೆಗೆ ಕಾವೇರಿಯನ್ನೇ ಸೇರುವ ನೀರು. ಅದೇ ವರ್ಷ, ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಅದನ್ನು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿ ಎಂದು ಸೇರಿಸಿದರು. ಹೆಸರು ಸಿಕ್ಕಿದ ವರ್ಷವೇ ಅಪಾಯದ ಪಟ್ಟಿಗೂ ಸೇರಿತು. ಆ ಸುದ್ದಿ ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಗೈಡ್‌ಗಳು ಚಿಮಣಿ ಬೆಳಕಿನಲ್ಲಿ, ಅಂಕುಡೊಂಕು ಅಕ್ಷರದಲ್ಲಿ ಬರೆದ ಸಾಲುಗಳು ಇಲ್ಲದಿದ್ದರೆ ಈ ಮೀನು ಕಡಿಮೆಯಾದದ್ದಕ್ಕೆ ಇಂಥ ಪುರಾವೆ ಸಿಗುತ್ತಿರಲಿಲ್ಲ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ಅಷ್ಟು ಹೊತ್ತಿಗೆ ಕ್ಯಾಂಪುಗಳಲ್ಲಿ ಗಾಳ ನಿಂತಾಗಿತ್ತು. ನಮ್ಮ ಹೊಳೆಯ ಈ ಭಾಗ 1987ರಿಂದ ಕಾವೇರಿ ವನ್ಯಜೀವಿಧಾಮ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದರೊಳಗೆ ಗಾಳ ಹಾಕುವುದೂ ಬೇಟೆಯ ಲೆಕ್ಕಕ್ಕೇ ಬರುತ್ತದೆ ಎಂಬ ತೀರ್ಮಾನ ಬಂತು. ಹಿಡಿದು ಬಿಟ್ಟರೂ ಅಷ್ಟೇ. ಕಾನೂನಿನ ಮಾತು ನನಗೆ ಅರ್ಥ ಆಗುತ್ತದೆ. ಹುಲಿಗೆ ಒಂದು ನಿಯಮ, ಮೀನಿಗೆ ಒಂದು ನಿಯಮ ಎನ್ನುವುದು ಕಷ್ಟ. ಆದರೆ ಹೊಳೆಯ ದಂಡೆಯಲ್ಲಿ ದಿನವಿಡೀ ಕೂತಿರುತ್ತಿದ್ದ ಕಣ್ಣುಗಳು ಒಂದೇ ಸಲಕ್ಕೆ ಎದ್ದು ಹೋದವು. ಕೆಲವು ಗೈಡ್‌ಗಳು ರೆಸಾರ್ಟಿನ ತೆಪ್ಪಕ್ಕೆ ಸೇರಿದರು. ಕೆಲವರು ಬೆಂಗಳೂರಿಗೆ ಹೋಗಿ ಸೆಕ್ಯೂರಿಟಿ ಕೆಲಸ ಹಿಡಿದರು. ನೀರಿನ ಮೇಲಿನ ಒಂದು ಗೆರೆ ನೋಡಿ ಕೆಳಗಿನ ಬಂಡೆಯ ಆಕಾರ ಹೇಳುತ್ತಿದ್ದ ಮನುಷ್ಯ ಅಪಾರ್ಟ್‌ಮೆಂಟಿನ ಗೇಟು ತೆಗೆಯುತ್ತಿದ್ದಾರೆ. ಮಡುಗಳ ಕಡೆಯಿಂದ ರಾತ್ರಿ ಮತ್ತೆ ಸದ್ದು ಕೇಳತೊಡಗಿತು.

ಮೀನನ್ನು ದೇವರಿಗೆ ಬಿಟ್ಟು ಕಾಯುವುದು ನಮ್ಮ ನಾಡಿಗೆ ಹೊಸದಲ್ಲ. ಶೃಂಗೇರಿಯ ತುಂಗೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ ಮಹಶೀರ್‌ಗಳು ಮೆಟ್ಟಿಲ ಹತ್ತಿರ ಬಂದು ಅಕ್ಕಿ ಪುರಿ ತಿನ್ನುತ್ತವೆ. ಅಲ್ಲಿ ಯಾರೂ ಮುಟ್ಟುವುದಿಲ್ಲ. ಭಕ್ತಿ ಕಾಯುತ್ತದೆ, ಒಪ್ಪುತ್ತೇನೆ. ಆದರೆ ದೇವಸ್ಥಾನದ ಮೆಟ್ಟಿಲು ಮುಗಿದ ಮೇಲೂ ಹೊಳೆ ಇದೆ. ಅಲ್ಲಿ ಬೇಕಾದದ್ದು ನೀರು ಓದಲು ಬರುವ, ಅದರಿಂದಲೇ ಹೊಟ್ಟೆ ಹೊರೆಯುವ ಜನ. ದಂಡೆಯ ಊರಿನವರನ್ನೇ ಸಂಬಳ ಕೊಟ್ಟು ಮೀನಿನ ಕಾವಲಿಗೆ ಇಡಿ ಎಂದು ನಾನು ಸಿಕ್ಕ ಸಿಕ್ಕವರಿಗೆಲ್ಲ ಹೇಳುತ್ತೇನೆ. ಗಾಳ ಇರಲಿ, ಬಿಡಲಿ. ಮಡುವಿಗೊಬ್ಬ ಮನುಷ್ಯ ಇರಲಿ.

ನನ್ನ ಕೆಲಸ ಈಗ ಹೆಚ್ಚಾಗಿ ಗಾಳ ಇಲ್ಲದ ಗೈಡ್‌ನದು. ಹಕ್ಕಿ ನೋಡುವವರನ್ನು ತೆಪ್ಪದಲ್ಲಿ ಕರೆದೊಯ್ಯುತ್ತೇನೆ. ಮೀನುಗಿಡುಗ, ನೀರುನಾಯಿಗಳ ಗುಂಪು, ಹೊಳೆಮತ್ತಿ ಮರದಲ್ಲಿ ಬೂದು ಬಣ್ಣದ ದೊಡ್ಡ ಅಳಿಲು ತೋರಿಸುತ್ತೇನೆ. ಕಾಲೇಜಿನ ಹುಡುಗರು ಅಧ್ಯಯನಕ್ಕೆ ಬಂದರೆ ಯಾವ ಮಡು ಎಷ್ಟು ಆಳ, ಹೊರಗಿನಿಂದ ಬಂದ ಜಿಲೇಬಿ ಮೀನು (ತಿಲಾಪಿಯಾ) ಎಲ್ಲಿಯವರೆಗೆ ಹಬ್ಬಿದೆ ಎಂದು ಹೇಳುತ್ತೇನೆ. ವನ್ಯಜೀವಿಧಾಮದ ಹೊರಗೆ, ಅನುಮತಿ ಇರುವ ನೀರಿನಲ್ಲಿ ಗಾಳ ಹಾಕುವವರ ಜೊತೆಗೂ ಹೋಗುತ್ತೇನೆ. ಅಲ್ಲಿ ರಾಡು ಬಾಗಿದರೆ ಇವತ್ತಿಗೂ ನನ್ನ ಎದೆ ಹಾರುತ್ತದೆ.

ಆಗಾಗ ಹುಡುಗರು ಫೋನ್ ಮಾಡುತ್ತಾರೆ. "ಅಣ್ಣಾ, ನನಗೂ ಮೀನು ಹಿಡಿಯೋದು ಅಂದ್ರೆ ಹುಚ್ಚು, ನಿಮ್ಮ ಥರ ಗೈಡ್ ಆಗ್ಬೇಕು" ಎಂದು. ನಾನು ಯಾರನ್ನೂ ಬೇಡ ಎನ್ನುವುದಿಲ್ಲ. ಮೊದಲು ಈಜು ಕಲಿ ಎನ್ನುತ್ತೇನೆ, ಕೆರೆಯಲ್ಲಿ ಅಲ್ಲ, ಹರಿಯುವ ನೀರಿನಲ್ಲಿ, ಗೊತ್ತಿರುವವರನ್ನು ಪಕ್ಕದಲ್ಲಿಟ್ಟುಕೊಂಡು. ಆಮೇಲೆ ತೆಪ್ಪ. ಮುಳುಗಿದವರಿಗೆ ಏನು ಮಾಡಬೇಕು, ಹಾವು ಕಚ್ಚಿದರೆ ಎಲ್ಲಿಗೆ ಓಡಬೇಕು ಎಂಬ ಪ್ರಥಮ ಚಿಕಿತ್ಸೆ. ಬರುವವರ ಜೊತೆ ಮಾತಾಡುವಷ್ಟು ಇಂಗ್ಲಿಷ್, ಹಿಂದಿ. ಮೀನಿನ ಹೆಸರು ನಿಮ್ಮೂರ ಬಾಯಲ್ಲೂ ಗೊತ್ತಿರಬೇಕು, ಪುಸ್ತಕದ್ದೂ ಗೊತ್ತಿರಬೇಕು. ಗಾಳ ಹಾಕುವ ಮೊದಲು ಆ ನೀರು ಯಾವ ಇಲಾಖೆಗೆ ಸೇರಿದ್ದು, ಲೈಸೆನ್ಸ್ ಬೇಕಾ, ಅರಣ್ಯದ ಗಡಿ ಎಲ್ಲಿ ಎಂದು ವಿಚಾರಿಸು. ಮಳೆಗಾಲದಲ್ಲಿ ಹೊಳೆ ತುಂಬಿ ಕೆಂಪಾದಾಗ ಕೆಲಸ ಇರುವುದಿಲ್ಲ, ಮನೆಯಲ್ಲಿ ಬೇರೆ ಆದಾಯ ಇರಲಿ. ಕಂಡದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು, ದಿನಾಂಕ ಹಾಕಿ. ಇಷ್ಟು ಹೇಳಿದ ಮೇಲೂ ಮತ್ತೆ ಫೋನ್ ಮಾಡುವ ಹುಡುಗರು ಇದ್ದಾರೆ. ಅವರನ್ನು ಜನವರಿಯಲ್ಲಿ, ನೀರು ತಿಳಿಯಾದ ಮೇಲೆ, ಬಾ ಎನ್ನುತ್ತೇನೆ. ಬಂದವರನ್ನು ಬಂಡೆಯ ಮೇಲೆ ಕೂರಿಸಿ ನೊರೆಯ ಗೆರೆ ತೋರಿಸುತ್ತೇನೆ. ಕಳೆದ ಸಲ ಬಂದವರಲ್ಲಿ ಒಬ್ಬ ಹುಡುಗಿಯೂ ಇದ್ದಳು. ಸಂಜೆಯ ಹೊತ್ತಿಗೆ ಮೂರು ಮಡುಗಳ ನಕ್ಷೆ ಬರೆದು, ಸೆಳೆತದ ಅಂಚು ಎಲ್ಲೆಲ್ಲಿದೆ ಎಂದು ಗುರುತು ಹಾಕಿ ನನಗೆ ತೋರಿಸಿದಳು. ಮೂರೂ ಸರಿ ಇದ್ದವು.